ಹೊಸ್ತಿಲು ದಾಟಿದ ಮೇಲೆ ಹೇಳುವ ಸುದ್ದಿ

ಆ ಸುದ್ದಿಗೆ ತಲೆಬರಹ ಕೊಟ್ಟವನು ನಾನೇ. ಕೇಂದ್ರದ ಪೊಲೀಸ್ ಪಡೆಗಳಲ್ಲಿ ಕೆಳಗಿನ ದರ್ಜೆಯವರಿಗೆ ಐವತ್ತೇಳಕ್ಕೆ ಆಗುತ್ತಿದ್ದ ನಿವೃತ್ತಿ ಇನ್ನು ಮುಂದೆ ಅರವತ್ತಕ್ಕೆ ಎಂದು ಏಜೆನ್ಸಿಯ ಸುದ್ದಿ ಬಂದಾಗ ಸಂಜೆ ಆರೂವರೆ. ಮುಂಬಯಿಯ ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ನಾನು ಒಳಪುಟಗಳನ್ನು ನೋಡುತ್ತಿದ್ದೆ. ಎರಡು ಕಾಲಂ ಜಾಗ ಇತ್ತು. ‘ಜವಾನರಿಗೆ ಸಿಹಿಸುದ್ದಿ: ನಿವೃತ್ತಿ ಇನ್ನು ಅರವತ್ತಕ್ಕೆ’ ಎಂದು ಬರೆದೆ. ಅಳತೆಗೆ ಸರಿಯಾಗಿ ಕೂತಿತು. ಪುಟ ಹೋಯಿತು.

ಮರುದಿನ ಬೆಳಿಗ್ಗೆ ಡೊಂಬಿವಲಿಯ ನನ್ನ ಮನೆಯಿಂದ ಆ ಪತ್ರಿಕೆಯನ್ನು ಹಿಡಿದುಕೊಂಡು ವಿಠ್ಠಲವಾಡಿಯಲ್ಲಿದ್ದ ಅಕ್ಕನ ಮನೆಗೆ ಹೋದೆ. ಅವಳ ಗಂಡ ಅಂಥದೇ ಒಂದು ಪಡೆಯಲ್ಲಿ ಹೆಡ್ ಕಾನ್‌ಸ್ಟೆಬಲ್. ಐವತ್ತೇಳು ತುಂಬಲು ಆಗ ಅವರಿಗೆ ಐದು ತಿಂಗಳು ಬಾಕಿ ಇತ್ತು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅಕ್ಷರಗಳನ್ನು ಬೆರಳಿನಲ್ಲಿ ಮುಟ್ಟಿಕೊಂಡು ಓದುವ ಅಭ್ಯಾಸ ಅವಳದು. ತಲೆಬರಹದ ಮೇಲೆ ಬೆರಳು ನಿಂತಿತು.

“ಇದು ನೀನಾ ಬರದದ್ದು?”

“ಹೌದಕ್ಕ.”

“ಯಾರನ್ನ ಕೇಳಿ ಸಿಹಿ ಅಂತ ಬರದಿ?”

ನಾನು ನಕ್ಕೆ. ಅವಳು ನಗಲಿಲ್ಲ. ಪತ್ರಿಕೆಯನ್ನು ಮಡಚಿ ಯಂತ್ರದ ಅಡಿಯಲ್ಲಿಟ್ಟಳು, ಪೆಡಲು ತುಳಿದಳು. ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ಮದುವೆಯಾಗಿ ಒಂದು ವರ್ಷಕ್ಕೆ ಅಕ್ಕ ಮತ್ತು ಅವಳ ಗಂಡ ವಿಜಯಪುರದ ಕಡೆಯಿಂದ ಬಂದು ವಿಠ್ಠಲವಾಡಿಯ ಚಾಳಿನಲ್ಲಿ ಒಂದೇ ಕೋಣೆಯ ಖೋಲಿ ಹಿಡಿದಿದ್ದರು. ಅಕ್ಕನ ಗಂಡನನ್ನು ನಾವು ಮಾಮಾ ಎನ್ನುತ್ತೇವೆ, ಇಲ್ಲಿಯೂ ಹಾಗೇ ಬರೆಯುತ್ತೇನೆ. ಮಾಮಾ ಶಹಾಡ್ ಹತ್ತಿರದ ಕಾರ್ಖಾನೆಗಳಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದರು. ಅಕ್ಕ ಚಾಳಿನ ಹೆಂಗಸರಿಗೆ ಬ್ಲೌಸು ಹೊಲಿಯುತ್ತಿದ್ದಳು, ಸೀರೆಗೆ ಫಾಲ್ ಹಾಕುತ್ತಿದ್ದಳು. ನಾನು ಕಾಲೇಜು ಓದಲು ಬಂದು ಅದೇ ಖೋಲಿಯ ಮೂಲೆಯಲ್ಲಿ ಟ್ರಂಕು ಇಟ್ಟುಕೊಂಡಿದ್ದೆ.

ಠಾಣೆಯ ಮೈದಾನವೊಂದರಲ್ಲಿ ಪಡೆಯ ಭರ್ತಿ ಇದೆ ಎಂದು ಗೊತ್ತಾದಾಗ ಅಕ್ಕನೇ ಮಾಮಾನನ್ನು ಹುರಿದುಂಬಿಸಿದಳು. ಎತ್ತರ ನೂರ ಎಪ್ಪತ್ತು ಸೆಂಟಿಮೀಟರ್ ಇರಬೇಕಿತ್ತು. ಅವಳ ಟೇಪು ನೂರ ಐವತ್ತಕ್ಕೇ ಮುಗಿಯುತ್ತಿತ್ತು. ಬಾಗಿಲ ಚೌಕಟ್ಟಿನ ಮೇಲೆ ನೂರ ಐವತ್ತಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಅಲ್ಲಿಂದ ಮೇಲೆ ಮತ್ತೆ ಅಳೆದಳು. ಸಂಜೆ ಕೆಲಸದಿಂದ ಬಂದಾಗ ಅಳೆದರೆ ಅರ್ಧ ಸೆಂಟಿಮೀಟರ್ ಕಡಿಮೆ. ಬೆಳಿಗ್ಗೆ ಎದ್ದ ಕೂಡಲೇ ಅಳೆದರೆ ಕೂದಲೆಳೆಯಷ್ಟು ಹೆಚ್ಚು. ಅವಳು ಮೂರು ದಿನ ಅಳೆದಳು, ಮೂರು ದಿನವೂ ಹಾಗೇ ಬಂತು.

“ಮಂದಿ ಮೂಟಿ ಹೊತ್ತು ಕುಗ್ತೀರಿ ನೀವು,” ಎಂದಳು. “ಮಲಗಿದ್ರ ಉದ್ದ ಆಗ್ತೀರಿ.”

ಭರ್ತಿಯ ಹಿಂದಿನ ದಿನ ಮಾಮಾನನ್ನು ಎದ್ದೇಳಲು ಬಿಡಲಿಲ್ಲ. ಚಾಪೆಯ ಮೇಲೆ ಮಲಗಿದ್ದಂತೆಯೇ ಊಟ ಮಾಡಿಸಿದಳು. ಬೆಳಿಗ್ಗೆ ಪರಿಚಯದವರ ಟೆಂಪೋದಲ್ಲಿ, ಬಟ್ಟೆಯ ಗಂಟುಗಳ ನಡುವೆ ಮಾಮಾನನ್ನು ಉದ್ದಕ್ಕೆ ಮಲಗಿಸಿ ವಿಠ್ಠಲವಾಡಿಯಿಂದ ಠಾಣೆಗೆ ಹೊರಟೆವು. ನಾನು ತಲೆಯ ಕಡೆ, ಅಕ್ಕ ಕಾಲಿನ ಕಡೆ.

ಡ್ರೈವರ್ ಹಿಂದೆ ತಿರುಗಿ ನೋಡಿ, “ಯೇ ಕೌನ್ ಹೈ ಭಾಭೀ? ಮುರ್ದಾ ಹೈ ಕ್ಯಾ?” ಎಂದ, ಹೆಣ ಕಂಡವನಂತೆ.

“ಮುರ್ದಾ ನಿಮ್ಮಪ್ಪ!” ಎಂದಳು ಅಕ್ಕ ಕನ್ನಡದಲ್ಲಿ. “ಪೊಲೀಸ್ ಸಾಹೇಬ್ರು ಅದಾರ. ಗಾಡಿ ಸಾವಕಾಶ ಹೊಡಿ, ಕುಗ್ಗ್ಯಾರು.”

ಮಾಮಾ ಮಲಗಿದಲ್ಲೇ ನಕ್ಕರು. “ನಗಬ್ಯಾಡ್ರಿ,” ಎಂದು ಗದರಿದಳು, ನಕ್ಕರೂ ಕುಗ್ಗುತ್ತಾರೆ ಎಂಬಂತೆ.

ಮೈದಾನದ ಗೋಡೆಯ ಹೊರಗೆ ನಾವಿಬ್ಬರೂ ನಿಂತೆವು. ಒಳಗೆ ಹವಾಲ್ದಾರನೊಬ್ಬ ಎತ್ತರದ ಕಂಬದ ಅಡ್ಡಪಟ್ಟಿಯನ್ನು ಒಬ್ಬೊಬ್ಬರ ತಲೆಗೂ ಒತ್ತಿ ನೋಡುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಮಾಮಾ ಬರಿಗಾಲಲ್ಲಿ ಓಡುತ್ತ ಬಂದರು. ಓಟವೂ ಆಗಿತ್ತು, ಎದೆಯ ಅಳತೆಯೂ ಆಗಿತ್ತು. ತೋಳಿನ ಮೇಲೆ ಶಾಯಿಯಲ್ಲಿ ಬರೆದ ನಂಬರು ಬೆವರಿಗೆ ಕಲಸಿಹೋಗಿತ್ತು. “ಬಂತು!” ಎಂದರು, ಅಷ್ಟೇ. ಅಕ್ಕ ಸೆರಗಿನಿಂದ ಅವರ ಮುಖ ಒರೆಸಿದಳು, ನಂಬರನ್ನು ಮಾತ್ರ ಮುಟ್ಟಲಿಲ್ಲ. ಸಂಜೆ ಚಾಳಿಗೆಲ್ಲ ಪೇಢೆ ಹಂಚಿದಳು. ಅವಳೇ ತಾನೇ ಅಳೆದು, ಮಲಗಿಸಿ, ಕಳಿಸಿಕೊಟ್ಟವಳು.

ನಾವು ಅಂದುಕೊಂಡದ್ದು ಖಾಕಿ ಹಾಕಿಕೊಂಡು ಕಲ್ಯಾಣ್ ಸ್ಟೇಷನ್ನಿನ ಆಚೀಚೆ ನಿಲ್ಲುವ ಕೆಲಸ. ಪಡೆ ಇಡೀ ದೇಶದ್ದು ಎಂಬುದು ತರಬೇತಿ ಮುಗಿದು ಮೊದಲ ಪೋಸ್ಟಿಂಗ್ ಬಂದಾಗ ತಿಳಿಯಿತು. ಅಲ್ಲಿಗೆ ಹೋಗಲು ಎರಡು ರೈಲು, ಒಂದು ಟ್ರಕ್ಕು, ಕಡೆಗೆ ಕಾಲುದಾರಿ. ಗುಡ್ಡದ ತುದಿಯ ಕಾವಲು ನೆಲೆಗೆ ಅವರು ಪೋಸ್ಟ್ ಎನ್ನುತ್ತಿದ್ದರು. ವರ್ಷಕ್ಕೆ ಎರಡು ಸಲ ರಜೆ. ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ, ಮೊದಲ ಒಂದೆರಡು ವರ್ಷ ಬಿಟ್ಟರೆ, ಅಕ್ಕ ಗಂಡನ ಜೊತೆ ಇದ್ದದ್ದು ಆ ರಜೆಗಳಲ್ಲಿ ಮಾತ್ರ.

ಪಕ್ಕದ ಖೋಲಿಯಲ್ಲಿ ಒಬ್ಬ ಮರಾಠಿ ಹೆಂಗಸು ಇದ್ದಳು. ಅವಳ ಗಂಡನೂ ಪಡೆಯಲ್ಲಿದ್ದವನು. ಅಕ್ಕನಿಗೆ ಅವಳು ಮೊದಲ ವಾರವೇ ಒಂದು ನಿಯಮ ಹೇಳಿಕೊಟ್ಟಳು: ಪೋಸ್ಟಿಗೆ ಕೆಟ್ಟ ಸುದ್ದಿ ಕಳಿಸಬಾರದು. ಕಾಗದ ಓದಿ ತಲೆ ಕೆಟ್ಟರೆ ಪಹರೆಯಲ್ಲಿ ಎಲ್ಲೋ ನೋಡುತ್ತ ನಿಲ್ಲುತ್ತಾನೆ, ಅಲ್ಲಿ ಒಂದು ಗಳಿಗೆ ಎಲ್ಲೋ ನೋಡಿದರೂ ಜೀವಕ್ಕೆ ಬಂತು. ರಜೆಗೆ ಬಂದವನು ಹೊಸ್ತಿಲು ದಾಟಿ, ಕಾಲು ತೊಳೆದು, ಒಂದು ತಂಬಿಗೆ ನೀರು ಕುಡಿದ ಮೇಲೆ ಎಲ್ಲವನ್ನೂ ಒಮ್ಮೆಗೇ ಹೇಳಬೇಕು. ಅರ್ಧ ಹೇಳಬಾರದು, ಆಮೇಲೆ ಎಂದು ಉಳಿಸಬಾರದು. ಆ ಚಾಳಿನಲ್ಲಿ ಪಡೆಯವರ ಮನೆಗಳು ಮೂರಿದ್ದವು. ಮೂರರಲ್ಲೂ ಇದೇ ನಿಯಮ.

ಅಕ್ಕನಿಗೆ ಬರೆಯುವುದು ಕಷ್ಟವಾದ್ದರಿಂದ ಕಾಗದ ಬರೆಯುವ ಕೆಲಸ ನನ್ನದು. ಅವಳು ಹೇಳುತ್ತಿದ್ದಳು, ನಾನು ನೀಲಿ ಇನ್‌ಲ್ಯಾಂಡಿನಲ್ಲಿ ಬರೆಯುತ್ತಿದ್ದೆ. ಬರೆದು ಓದಿ ಹೇಳಿದ ಮೇಲೆ, “ಮಾಳಿಗಿ ಸೋರ್ತದ ಅಂದಿಯಲ್ಲ, ಅದನ್ನ ತಗಿ,” ಎನ್ನುತ್ತಿದ್ದಳು. “ಜ್ವರಾನೂ ತಗಿ.” ತೆಗೆದ ಮೇಲೆ ಉಳಿಯುತ್ತಿದ್ದದ್ದು ಅರ್ಧ ಪುಟ. ಆ ಅರ್ಧ ಪುಟವನ್ನು ದೊಡ್ಡ ಅಕ್ಷರದಲ್ಲಿ ಬರೆದು ತುಂಬಿಸುತ್ತಿದ್ದೆ. ಮುಂದೆ ಪತ್ರಿಕೆ ಸೇರಿದಾಗ ನನ್ನ ಹಿರಿಯರು, ಇವನಿಗೆ ಕತ್ತರಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ ಎಂದರು. ಯಾರ ಹತ್ತಿರ ಕಲಿತೆ ಎಂದು ನಾನು ಹೇಳಲಿಲ್ಲ.

ಮಾಮಾ ಪಡೆ ಸೇರಿದ ಮೂರನೆಯ ವರ್ಷ ಅಕ್ಕ ಬಸುರಿಯಾದಳು. ಆ ಸುದ್ದಿ ಒಳ್ಳೆಯದು, ಪೋಸ್ಟಿಗೆ ಹೋಯಿತು. ಆರನೆಯ ತಿಂಗಳಲ್ಲಿ ಮಗು ಹೋಯಿತು. ಆಸ್ಪತ್ರೆಯಿಂದ ಬಂದ ನಾಲ್ಕನೆಯ ದಿನ ಗೋಡೆಗೆ ಒರಗಿ ಕೂತು ಕಾಗದ ಹೇಳಿದಳು. ಮಳೆ ಚೆನ್ನಾಗಿದೆ. ನಲ್ಲಿಗೆ ಹೊಸ ಪೈಪು ಹಾಕಿದ್ದಾರೆ. ತಮ್ಮ ಪರೀಕ್ಷೆ ಪಾಸಾದ. ನಾನು ಆರಾಮವಾಗಿದ್ದೇನೆ. ಇಷ್ಟೇ. ಮಾಮಾನ ಉತ್ತರದಲ್ಲಿ ಹೆಸರುಗಳ ಪಟ್ಟಿ ಇತ್ತು, ಗಂಡಾದರೆ ಮೂರು, ಹೆಣ್ಣಾದರೆ ಮೂರು. ನಾಲ್ಕು ತಿಂಗಳು ಅವರು ಒಂದೊಂದು ಕಾಗದದಲ್ಲೂ ಕೇಳಿದರು, ನಾನು ಒಂದೊಂದು ಕಾಗದದಲ್ಲೂ ಆ ಪ್ರಶ್ನೆಯನ್ನು ಬಿಟ್ಟು ಉಳಿದುದಕ್ಕೆ ಉತ್ತರ ಬರೆದೆ. ಹೆರಿಗೆಯ ದಿನ ಲೆಕ್ಕ ಹಾಕಿ ರಜೆ ತೆಗೆದುಕೊಂಡು ಬಂದರು. ಕೈಯಲ್ಲಿ ಉಣ್ಣೆಯ ಪುಟ್ಟ ಟೊಪ್ಪಿಗೆ ಇತ್ತು. ಹೊಸ್ತಿಲು ದಾಟಿದರು, ಕಾಲು ತೊಳೆದರು, ನೀರು ಕುಡಿದರು. ಅಕ್ಕ ಹೇಳಿದಳು.

ಮಾಮಾ ಎದ್ದು ಹೊರಗಿನ ನಲ್ಲಿಗೆ ಹೋಗಿ ಮತ್ತೊಮ್ಮೆ ಕಾಲು ತೊಳೆದುಕೊಂಡು ಬಂದರು. ಕೂತು, “ಚೊಲೋ ಮಾಡಿದ್ರಿ,” ಎಂದರು. “ಅಲ್ಲಿ ಗೊತ್ತಾಗಿದ್ರ ನಾ ಏನ್ ಮಾಡ್ತಿದ್ದೆ?”

ಅವತ್ತಿನಿಂದ ಆ ನಿಯಮ ನಮ್ಮ ಮನೆಯಲ್ಲಿ ಕಾಯಂ ಆಯಿತು. ಮತ್ತೆ ಮಕ್ಕಳಾಗಲಿಲ್ಲ.

ವರ್ಷಗಳು ಕಳೆದವು. ಚಾಳು ಬಿಟ್ಟು ಅವರು ಅದೇ ವಿಠ್ಠಲವಾಡಿಯಲ್ಲಿ ಎರಡನೆಯ ಮಹಡಿಯ ಒಂದು ಸಣ್ಣ ಮನೆಗೆ ಬಂದರು. ಇನ್‌ಲ್ಯಾಂಡ್ ಹೋಗಿ ಫೋನ್ ಬಂತು. ಫೋನಿನಲ್ಲಿ ನನ್ನ ಕತ್ತರಿ ಬೇಕಾಗಲಿಲ್ಲ. ಅಷ್ಟು ಹೊತ್ತಿಗೆ ಅಕ್ಕ ತಾನೇ ಪಳಗಿದ್ದಳು.

ಐವತ್ತೇಳಕ್ಕೆ ಎರಡು ವರ್ಷ ಇರುವಾಗಲೇ ಅವಳು ಮಾಮಾನಿಗೆಂದು ಒಂದು ಸಫಾರಿ ಸೂಟು ಹೊಲಿಯಲು ಶುರುಮಾಡಿದಳು. ಬೂದು ಬಣ್ಣದ ಬಟ್ಟೆ, ಉಲ್ಲಾಸನಗರದಿಂದ ತಂದದ್ದು. ಗಂಡಸರ ಬಟ್ಟೆ ಅವಳು ಯಾವತ್ತೂ ಹೊಲಿದಿರಲಿಲ್ಲ. ಕಾಲರನ್ನು ನಾಲ್ಕು ಸಲ ಬಿಚ್ಚಿದಳು.

“ಇದ್ಯಾಕಕ್ಕ? ರೆಡಿಮೇಡ್ ಸಿಗ್ತದಲ್ಲ.”

“ರೆಡಿಮೇಡ್ ಗಂಡ ಇದ್ದಂಗ ಇತ್ತು ಇಷ್ಟು ದಿನ. ಬಂದಷ್ಟ ಬಂದ. ಇನ್ನ ಅಳತಿ ಹಿಡದು ಮಾಡ್ಕೋತೀನಿ.” ಆಮೇಲೆ ಯಂತ್ರ ನಿಲ್ಲಿಸಿ, “ಸಂಜಿಮುಂದ ಇದನ್ನ ಹಾಕ್ಕೊಂಡು ನನ್ನ ಜೋಡಿ ಕಲ್ಯಾಣದ ಕೆರಿ ಸುತ್ತ ತಿರಗಾಡ್ಲಿ. ಒಂದಿನಾನೂ ತಿರಗಾಡಿಲ್ಲ ನಾವು. ರಜಾದಾಗ ಬಂದ್ರ ಬರೇ ರೇಶನ್ ಕಾರ್ಡು, ಬ್ಯಾಂಕು, ನೆಂಟ್ರ ಮನಿ,” ಎಂದಳು.

ಪ್ಯಾಂಟಿನ ಕಾಲಿನ ತುದಿಯನ್ನು ಮಾತ್ರ ಮಡಚಿ ಹೊಲಿಯಲಿಲ್ಲ. ಅವರು ಬಂದು ನಿಂತ ಮೇಲೆ ಗುರುತು ಹಾಕಬೇಕು ಎಂದು ಹಾಗೇ ಬಿಟ್ಟಿದ್ದಳು.

ನಿವೃತ್ತಿಗೆ ಏಳು ತಿಂಗಳಿರುವಾಗ ಅಕ್ಕನಿಗೆ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ಮೊದಲ ಮಹಡಿಯಲ್ಲಿ ನಿಂತು ಸುಧಾರಿಸಿಕೊಳ್ಳುತ್ತಿದ್ದಳು. ಠಾಣೆಯ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನು. ಹೃದಯದ ಒಂದು ಕವಾಟ ಕಿರಿದಾಗಿದೆ, ಆಪರೇಷನ್ ಆಗಬೇಕು, ಮಾತ್ರೆಯ ಮೇಲೆ ಕೆಲವು ತಿಂಗಳು ನಡೆಸಬಹುದು, ವರ್ಷಗಟ್ಟಲೆ ಆಗದು ಎಂದರು. ಅವರು ಹೇಳಿದ್ದನ್ನು ಅಭ್ಯಾಸಬಲದಿಂದ ನಾನು ಬರೆದುಕೊಂಡೆ.

ಹೊರಗೆ ಬಂದು ಅಕ್ಕ, “ಏಳು ತಿಂಗಳಿಗೆ ಅವ್ರು ಬರ್ತಾರಲ್ಲ. ಬಂದ ಮ್ಯಾಲ ಮಾಡಿಸ್ಕೊಂತೀನಿ. ಅವ್ರು ಆಸ್ಪತ್ರಿ ಬಾಗಿಲಾಗ ನಿಂತಿರಬೇಕು,” ಎಂದಳು. “ಪೋಸ್ಟಿಗೆ ಹೇಳಬ್ಯಾಡ.”

ಅದಾಗಿ ಎರಡು ತಿಂಗಳಿಗೆ ನಾನು ಆ ತಲೆಬರಹ ಬರೆದೆ.

ಮಾಮಾನಿಗೆ ಆದೇಶ ತಲುಪಲು ತಡವಾಗಲಿಲ್ಲ. ನಿವೃತ್ತಿಯ ಹತ್ತಿರ ಬಂದವರನ್ನು ಮನೆಯ ಸಮೀಪದ ಕ್ಯಾಂಪಿಗೆ ಹಾಕುವ ರೂಢಿ ಪಡೆಯಲ್ಲಿತ್ತು. ಅವರಿಗೆ ನವಿ ಮುಂಬಯಿಯ ಕ್ಯಾಂಪು ಸಿಗುವುದಿತ್ತು. ಈಗ ಅವರು ನಿವೃತ್ತಿಯ ಹತ್ತಿರದವರಲ್ಲ. ಪಟ್ಟಿಯಿಂದ ಹೆಸರು ಹೋಯಿತು. ಇನ್ನೂ ಮೂರು ವರ್ಷ ಇದ್ದರೆ ಸಹಾಯಕ ಸಬ್ ಇನ್‌ಸ್ಪೆಕ್ಟರ್ ಆಗಿ ಹೆಗಲ ಮೇಲೆ ಒಂದು ನಕ್ಷತ್ರ ಬರುತ್ತದೆ ಎಂದೂ ತಿಳಿಯಿತು. ಬೇಡವೆಂದರೆ ಮೂರು ತಿಂಗಳ ನೋಟಿಸು ಕೊಟ್ಟು ಸ್ವಇಚ್ಛೆಯಿಂದ ಹೊರಗೆ ಬರಬಹುದಿತ್ತು. ಮಾಮಾನ ಅರ್ಜಿಗಳನ್ನೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಡುತ್ತಿದ್ದವನು ನಾನೇ.

ನಾನು ಅಕ್ಕನಿಗೆ ಹೇಳಿದೆ: “ಈಗರೆ ಹೇಳೋಣ ಅಕ್ಕಾ. ಡಾಕ್ಟರ್ ಅಂದದ್ದು ಹೇಳಿದ್ರ ನಾಳೇನ ಅರ್ಜಿ ಹಾಕ್ತಾರ.”

“ಅದಕ್ಕ ಹೇಳಬ್ಯಾಡ ಅನ್ನೂದು. ನನ್ನ ಜಡ್ಡು ನೋಡಿ ಬಂದ್ರು ಅಂತ ಆಗಬಾರ್ದು. ಬರಬೇಕು ಅನಿಸಿ ಬರ್ಲಿ.”

“ಕೇಳಿದ್ರ ಏನ್ ಹೇಳ್ಲಿ?”

“ಅವ್ರ ಮನಸ್ಸಿಗೆ ಬಂದಂಗ ಮಾಡ್ಲಿ ಅಂತ ಹೇಳು.”

ಇಷ್ಟು ಹೇಳಿ ಸಫಾರಿಯನ್ನು ಕಪಾಟಿನ ಹಿಡಿಯಿಂದ ತೆಗೆದು, ಪ್ಲಾಸ್ಟಿಕ್ ಕವರಿಗೆ ಹಾಕಿ, ಕೆಳಗಿನ ಟ್ರಂಕಿಗೆ ಸೇರಿಸಿದಳು. ನಾನು ನೋಡುತ್ತ ನಿಂತಿದ್ದೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಹನ್ನೊಂದಕ್ಕೆ ಡೊಂಬಿವಲಿಯ ಪ್ಲಾಟ್‌ಫಾರ್ಮಿನ ಮೇಲಿದ್ದಾಗ ಮಾಮಾನ ಫೋನ್ ಬಂತು.

“ಇಲ್ಲಿ ಒಂದ ಬಂಡಿಗಲ್ಲ ಅದ, ಅದರ ಮ್ಯಾಲ ನಿಂತ್ರಷ್ಟ ಸಿಗ್ನಲ್. ಲಗೂನ ಕೇಳು. ನಾ ಬರ್ಲೋ, ಇರ್ಲೋ?”

“ನೀವು ಏನಂತೀರಿ ಮಾಮಾ?”

“ನಕ್ಷತ್ರ ಬರ್ತದ ಅಂತಾರ. ಕಾನ್‌ಸ್ಟೆಬಲ್ ಆಗಿ ಸೇರಿದವ ನಾ. ಅಕ್ಕ ಏನಂತಾಳ? ನನ್ನ ಮುಂದ ಆಕಿ ಏನೂ ಅನ್ನವಲ್ಲಳು.”

“‘ಅವ್ರ ಮನಸ್ಸಿಗೆ ಬಂದಂಗ ಮಾಡ್ಲಿ’ ಅಂದ್ಲು.”

ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲದೆ ಹೇಳಿದೆ.

“ಆಕಿ ಆರಾಮ ಅದಾಳಲ್ಲ?”

ದೂರದೂರಿನ ಎಕ್ಸ್‌ಪ್ರೆಸ್ ರೈಲೊಂದು ನಿಲ್ಲದೆ ಹಾದುಹೋಯಿತು. ಕೊನೆಯ ಡಬ್ಬಿ ಹೋಗುವವರೆಗೂ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೆ. ಯೋಚಿಸಲು ಸಮಯವಿರಲಿಲ್ಲ ಎಂದು ನಾನು ಹೇಳಲಾರೆ.

“ಆರಾಮ ಅದಾಳ್ರಿ.”

ಬರೆಯಬೇಡಿ ಎಂದು ಹೇಳಿ ಕೊಟ್ಟ ಮಾತನ್ನು ನಾನು ವೃತ್ತಿಯಲ್ಲಿ ಯಾವತ್ತೂ ಬರೆದವನಲ್ಲ. ಯಾರು ಏನು ಅಂದರೋ ಅದನ್ನೇ ಉದ್ಧರಣ ಚಿಹ್ನೆಯೊಳಗೆ ಹಾಕಿದವನು. ಅವತ್ತೂ ಹಾಗೇ ಮಾಡಿದೆ. ಅಕ್ಕ ಹೇಳಿದ್ದು ತಲುಪಿತು. ಟ್ರಂಕಿಗೆ ಹೋದ ಸಫಾರಿ ತಲುಪಲಿಲ್ಲ. ಮಾಮಾ ಉಳಿದರು.

ಆಪರೇಷನ್ನಿಗೆ ನಾನು ಒತ್ತಾಯ ಮಾಡಿದೆ. “ಮುಂದಿನ ರಜಾದಾಗ ಹೇಳ್ತೀನಿ,” ಎಂದಳು. ಆ ರಜೆಗೆ ಮಾಮಾ ಬಂದರು, ಹೊಸ್ತಿಲು ದಾಟಿದರು, ನೀರು ಕುಡಿದರು. ಬಡ್ತಿಯ ಪರೀಕ್ಷೆ ಪಾಸಾದದ್ದನ್ನು ಹೇಳಿದರು. ಅಕ್ಕ ಹೇಳಲಿಲ್ಲ. ಇಷ್ಟು ವರ್ಷದಲ್ಲಿ ಅವಳು ನಿಯಮ ಮುರಿದದ್ದು ಅದೊಂದೇ ಸಲ. ಹತ್ತು ದಿನ ಮೆಟ್ಟಿಲು ಇಳಿಯಲೇ ಇಲ್ಲ, ಮೊಣಕಾಲು ನೋವೆಂದಳು. ಅದಾದ ಮೇಲೆ ಲಾಕ್‌ಡೌನ್ ಆಗಿ ರೈಲುಗಳೇ ನಿಂತ ಕಾಲ ಬಂತು. ರಜೆಗಳು ರದ್ದಾದವು. ಆಸ್ಪತ್ರೆಯವರು, ತುರ್ತು ಇಲ್ಲದ್ದೆಲ್ಲ ಆಮೇಲೆ ಎಂದರು.

ಎದುರು ಮನೆಯಲ್ಲಿ ಉಡುಪಿಯ ಕಡೆಯ ಹೆಂಗಸೊಬ್ಬರು ಇದ್ದಾರೆ. ಲೋಕಲ್‌ಗಳು ಮತ್ತೆ ಓಡತೊಡಗಿದ ಮೇಲೆ ಒಂದು ಮಧ್ಯಾಹ್ನ ಅವರ ಫೋನ್ ಬಂದಾಗ ನನ್ನ ಲೋಕಲ್ ದಿವಾದ ಹತ್ತಿರ ಸಿಗ್ನಲ್ಲಿಗೆ ನಿಂತಿತ್ತು. “ಅಣ್ಣಾ, ಮಿಷನಿನ ಸದ್ದು ನಿಂತಿತು ಅಂತ ಬಂದು ನೋಡಿದೆ. ಅಕ್ಕನಿಗೆ ಉಸಿರೇ ತೆಗೀಲಿಕ್ಕೆ ಆಗುವುದಿಲ್ಲ. ಆಟೋದಲ್ಲಿ ಕರ್ಕೊಂಡು ಹೋಗ್ತಾ ಇದ್ದೇನೆ, ನೀವು ಸೀದಾ ಆಸ್ಪತ್ರೆಗೆ ಬನ್ನಿ.” ನಾನು ಕಲ್ಯಾಣದ ಆಸ್ಪತ್ರೆ ತಲುಪಿದಾಗ ಅಕ್ಕ ಇರಲಿಲ್ಲ.

ಪೋಸ್ಟಿಗೆ ಹೋಗಲೇಬೇಕಾದ ಕೆಟ್ಟ ಸುದ್ದಿ ಒಂದೇ, ಅದನ್ನು ಕಳಿಸುವ ಕೆಲಸ ನನಗೆ ಬಂತು. ಕಂಟ್ರೋಲ್ ರೂಮಿನವನು ಸಂದೇಶವನ್ನು ಬರೆದುಕೊಂಡು, ಚಿಕ್ಕದಾಗಿ ಹೇಳಿ ಸಾರ್ ಎಂದ. ಚಿಕ್ಕದಾಗಿ ಹೇಳಿದೆ. ಮಾಮಾ ಗುಡ್ಡ ಇಳಿದು ಮನೆ ಮುಟ್ಟಿದ್ದು ಮೂರನೆಯ ದಿನ. ಎಲ್ಲ ಮುಗಿದಿತ್ತು. ಬಾಗಿಲಲ್ಲಿ ನಾನು ಅಭ್ಯಾಸದಂತೆ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಅವರು ಅದನ್ನು ಕುಡಿದರು.

“ಹೆಂಗಾತು?”

“ಒಮ್ಮಿಗಲೇ ಆತು ಮಾಮಾ.”

ಡಾಕ್ಟರ ಕಡತ ನನ್ನ ಮನೆಯಲ್ಲಿತ್ತು. ಅವರು ಹದಿಮೂರು ದಿನ ಕಳೆದು ಮತ್ತೆ ಪೋಸ್ಟಿಗೆ ಹೋಗುವವರಿದ್ದರು. ನಿಯಮ ಇನ್ನೂ ಜಾರಿಯಲ್ಲಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಕಡೆಯ ಎಂಟು ತಿಂಗಳು ಅವರನ್ನು ನವಿ ಮುಂಬಯಿಯ ಕ್ಯಾಂಪಿಗೆ ಹಾಕಿದರು, ನಕ್ಷತ್ರವನ್ನೂ ಕೊಟ್ಟರು. ಮನೆಯಿಂದ ಒಂದೂವರೆ ಗಂಟೆಯ ದಾರಿ. ಅವರು ಬ್ಯಾರಕ್ಕಿನಲ್ಲೇ ಉಳಿದರು. ಭಾನುವಾರವೂ ಬರಲಿಲ್ಲ.

ನಿವೃತ್ತಿ ತಿಂಗಳ ಕೊನೆಯ ದಿನಕ್ಕೆ ಬೀಳುತ್ತದೆ. ಕ್ಯಾಂಪಿನಲ್ಲಿ ಬೀಳ್ಕೊಡುಗೆಗೆ ಒಂದು ಪದ್ಧತಿ ಇದೆ. ಹೋಗುವವನನ್ನು ಹೂವು ಕಟ್ಟಿದ ತೆರೆದ ಜೀಪಿನಲ್ಲಿ ಹೆಂಡತಿಯ ಸಮೇತ ಕೂರಿಸುತ್ತಾರೆ. ಎಂಜಿನ್ ಹಾಕುವುದಿಲ್ಲ. ಜೊತೆಯವರು ಮುಂದೆ ಹಗ್ಗ ಕಟ್ಟಿ ಗೇಟಿನವರೆಗೆ ಎಳೆಯುತ್ತಾರೆ. ಹಿಂದೆ ಬ್ಯಾಂಡು.

ತಟ್ಟೆಯಲ್ಲಿ ಎರಡು ಚೆಂಡುಹೂವಿನ ಹಾರಗಳಿದ್ದವು. ಚಿಕ್ಕ ವಯಸ್ಸಿನ ಕ್ಲರ್ಕೊಬ್ಬ ಪಟ್ಟಿ ನೋಡಿಕೊಂಡು, “ಸರ್, ಫ್ಯಾಮಿಲಿ?” ಎಂದು ಕೇಳಿದ.

ಮಾಮಾ ನನ್ನ ತೋಳು ಹಿಡಿದು ಮುಂದಕ್ಕೆ ತಂದರು. “ಯಹೀ ಹೈ. ಸಾಲಾ ಹೈ ಮೇರಾ.”

ಹೆಂಡತಿಯ ತಮ್ಮನಿಗೂ ಬೈಗುಳಕ್ಕೂ ಹಿಂದಿಯಲ್ಲಿ ಒಂದೇ ಮಾತು, ಹಗ್ಗ ಹಿಡಿದವರೆಲ್ಲ ನಕ್ಕರು. “ಸಾಲೇ ಸಾಹೇಬ್ ಕೋ ಬಿಠಾವೋ!” ಎಂದು ಯಾರೋ ಕೂಗಿದರು. ಕ್ಲರ್ಕ್ ಎರಡನೆಯ ಹಾರವನ್ನು ನನ್ನ ಕೊರಳಿಗೆ ಹಾಕಿದ. 

ಅಕ್ಕ ಕೂರಬೇಕಾದ ಜಾಗದಲ್ಲಿ ಕೂತು ನಾನು ಗೇಟಿನವರೆಗೆ ಹೋದೆ. ಸುಮಾರು ಮುನ್ನೂರು ಮೀಟರ್ ಇರಬಹುದು. ಮಾಮಾ ನೆಟ್ಟಗೆ ಕೂತು ಎರಡೂ ಕಡೆ ಕೈ ಎತ್ತುತ್ತಿದ್ದರು. ನಾನು ಕೈ ಎತ್ತಲಿಲ್ಲ. ಹಾರ ಒದ್ದೆಯಾಗಿತ್ತು, ಅಂಗಿಗೆ ಹಳದಿ ಬಣ್ಣ ಹತ್ತಿತು.

ಟ್ಯಾಕ್ಸಿಯಲ್ಲಿ ವಿಠ್ಠಲವಾಡಿಗೆ ಬಂದೆವು. ಎರಡನೆಯ ಮಹಡಿಗೆ ಟ್ರಂಕು ಹೊತ್ತು ಹತ್ತಿದೆವು. ಹೊಸ್ತಿಲು ದಾಟಿದರು, ಬಚ್ಚಲಿಗೆ ಹೋಗಿ ಕಾಲು ತೊಳೆದರು, ತಂಬಿಗೆಯ ನೀರನ್ನು ಪೂರ್ತಿ ಕುಡಿದು ಕೆಳಗಿಟ್ಟರು. ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂತರು.

“ಈಗ ಹೇಳು,” ಎಂದರು. “ಇನ್ನ ನಾ ಎಲ್ಲೂ ಹೋಗೂದಿಲ್ಲ.”

ನಾನು ಹೇಳಿದೆ. ಡಾಕ್ಟರು ಏನು ಅಂದರು, ಯಾವಾಗ ಅಂದರು, ಅಕ್ಕ ಏನು ಅಂದಳು, ಪ್ಲಾಟ್‌ಫಾರ್ಮಿನ ಮೇಲೆ ನಾನು ಏನು ಅಂದೆ. ಬರಬೇಕು ಅನಿಸಿ ಬರಲಿ ಎಂದಿದ್ದಳು ಎಂಬುದನ್ನೂ, ಸಫಾರಿಯ ಮಾತನ್ನೂ, ಕೆರೆಯ ಮಾತನ್ನೂ ಹೇಳಿದೆ. ಏನನ್ನೂ ತೆಗೆಯಲಿಲ್ಲ. ಕಡತವನ್ನು ಚೀಲದಿಂದ ತೆಗೆದು ಯಂತ್ರದ ಮೇಲಿಟ್ಟೆ. ಅವರು ಅದನ್ನು ಬಿಚ್ಚಲಿಲ್ಲ. 

ಎದ್ದು ಬಚ್ಚಲಿಗೆ ಹೋದರು. ಮತ್ತೊಮ್ಮೆ ಕಾಲು ತೊಳೆದುಕೊಳ್ಳುವ ಸದ್ದು ಕೇಳಿಸಿತು.

ಬಂದು ಕೂತು, “ನನಗ ಗೊತ್ತಿತ್ತು,” ಎಂದರು.

ನಾನು ಅವರ ಮುಖ ನೋಡಿದೆ.

“ಜಡ್ಡು ಯಾವುದು ಅಂತ ಗೊತ್ತಿರ್ಲಿಲ್ಲ. ಫೋನಿನ್ಯಾಗ ಎರಡು ಮಾತಿಗೊಮ್ಮೆ ನಿಂದರ್ತಿದ್ಲು. ಉಸಿರು ಕೇಳ್ತಿತ್ತು ನನಗ. ಅದಕ್ಕಂತ ನಿನ್ನ ಕೇಳ್ದೆ ಅವತ್ತ. ನೀ ಆರಾಮ ಅಂದಿ.” ಕಡತವನ್ನು ಪಕ್ಕಕ್ಕೆ ಸರಿಸಿ, “ನನಗ ಅಷ್ಟ ಬೇಕಾಗಿತ್ತು. ನಕ್ಷತ್ರ ಕಣ್ಣ ಮುಂದಿತ್ತು. ಇನ್ನೊಮ್ಮಿ ಕೇಳಿದ್ರ ನೀ ಖರೇ ಹೇಳಿಬಿಡ್ತಿದ್ದಿ. ಅದಕ್ಕ ಕೇಳ್ಲಿಲ್ಲ,” ಎಂದರು.

ಸಫಾರಿ ಎಲ್ಲಿದೆ ಎಂದು ಕೇಳಿದರು.

ಟ್ರಂಕಿನಿಂದ ತೆಗೆದುಕೊಟ್ಟೆ. ಅಂಗಿ ಸರಿಹೋಯಿತು. ಹೆಗಲು ಸ್ವಲ್ಪ ಸಡಿಲ, ಅಷ್ಟೇ. ಪ್ಯಾಂಟು ಪಾದದ ಮೇಲೆ ಬಿತ್ತು, ತುದಿಯಲ್ಲಿ ದಾರಗಳು ಬಿಟ್ಟುಕೊಂಡಿದ್ದವು. ಕೆಳಗೆ ಟೇಲರ್ ಇದ್ದಾನೆ ಎಂದೆ. ಬೇಡವೆಂದರು. ಪಡೆಯವರೆಲ್ಲ ತಮ್ಮ ಗುಂಡಿ ತಾವೇ ಹೊಲಿದುಕೊಳ್ಳುವವರು. ಅವರ ಕಿಟ್ಟಿನಲ್ಲಿ ಸೂಜಿದಾರ ಇತ್ತು. ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತರು, ಭರ್ತಿಯ ದಿನ ನಿಂತಂತೆ. ನಾನು ನೆಲದ ಮೇಲೆ ಕೂತು ಅಕ್ಕನ ಸೀಮೆಸುಣ್ಣದಿಂದ ಹಿಮ್ಮಡಿಯ ಹತ್ತಿರ ಗುರುತು ಹಾಕಿದೆ.

ಪ್ಯಾಂಟು ಬಿಚ್ಚಿ ಪಂಚೆ ಸುತ್ತಿಕೊಂಡು ಕಿಟಕಿಯ ಬೆಳಕಿಗೆ ಕೂತರು. ಸೂಜಿಗೆ ದಾರ ಪೋಣಿಸಲಾಗಲಿಲ್ಲ. ನಾನು ಕನ್ನಡಕ ಹಾಕಿಕೊಂಡು ನೋಡಿದೆ. ನನಗೂ ಆಗಲಿಲ್ಲ. ದಾರದ ತುದಿಯನ್ನು ನಾಲಿಗೆಯಲ್ಲಿ ಒದ್ದೆ ಮಾಡಿ ಒಬ್ಬರಾದ ಮೇಲೆ ಒಬ್ಬರು ಬಹಳ ಹೊತ್ತು ಪ್ರಯತ್ನಿಸಿದೆವು. ಎದುರು ಮನೆಯವರು ಚಹಾ ತಂದವರು ಬಾಗಿಲಲ್ಲಿ ನಿಂತು ನೋಡಿದರು.

“ಎಂತ ಮಾಡ್ತಾ ಇದ್ದೀರಿ ಇಬ್ಬರು? ಕೊಡಿ ಮಾರಾಯ್ರೆ ಇಲ್ಲಿ.” ಒಂದೇ ಸಲಕ್ಕೆ ಪೋಣಿಸಿದರು. “ನಾನೇ ಹೊಲಿದು ಕೊಡ್ತೇನೆ.”

“ಬ್ಯಾಡ್ರಿ. ಇಷ್ಟು ನನಗ ಬರ್ತದ.”

“ಹೊಸ ಬಟ್ಟೆ ಹಾಕಿ ಎಲ್ಲಿಗೆ ಸವಾರಿ?”

“ಕೆರಿ ಕಡೆ,” ಎಂದರು ಮಾಮಾ. “ಒಂದ ಸುತ್ತು.”

ಎರಡೂ ಕಾಲು ಹೊಲಿದು ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಹೊಲಿಗೆ ಒರಟಾಗಿತ್ತು, ಗಟ್ಟಿಯಾಗಿತ್ತು. ಸಫಾರಿ ಹಾಕಿಕೊಂಡು ತಲೆ ಬಾಚಿಕೊಂಡರು. ಬಿಸಿಲು ಇಳಿಯುತ್ತಿತ್ತು. ನಾನೂ ಎದ್ದು ಚಪ್ಪಲಿ ಹಾಕಿಕೊಳ್ಳಲು ಹೋದೆ.

“ನೀ ಬ್ಯಾಡ,” ಎಂದರು.

ಸಿಟ್ಟಿನಿಂದ ಹೇಳಲಿಲ್ಲ. ಬೆಳಿಗ್ಗೆ ಜೀಪಿನಲ್ಲಿ ಕೂರಿಸಿದ ಹಾಗೆ, ಅಷ್ಟೇ ಸಹಜವಾಗಿ ಹೇಳಿದರು. ಮೆಟ್ಟಿಲು ಇಳಿದುಹೋದರು. ನಾನು ಕಿಟಕಿಯಿಂದ ನೋಡಿದೆ. ಬೂದು ಸಫಾರಿ ರಿಕ್ಷಾಗಳ ನಡುವೆ ಹೋಗಿ ತಿರುವಿನಲ್ಲಿ ಮರೆಯಾಯಿತು. ರಸ್ತೆಯ ಒಳಮಗ್ಗುಲನ್ನು ಇನ್ನೊಬ್ಬರು ನಡೆಯುವಷ್ಟು ಖಾಲಿ ಬಿಟ್ಟು, ವಾಹನ ಬರುವ ಕಡೆಗೆ ತಾವು ನಡೆಯುತ್ತಿದ್ದರು.

ದೀಪ ಹಚ್ಚುವ ಹೊತ್ತಿಗೆ ಮರಳಿ ಬಂದರು. ಬಾಗಿಲಲ್ಲಿ ತಂಬಿಗೆ ಕೊಟ್ಟೆ. ನೀರು ಕುಡಿದು ನನ್ನ ಮುಖ ನೋಡಿದರು. ಹೇಳುವುದು ಏನೂ ಉಳಿದಿರಲಿಲ್ಲ.